ಮನೆ ಬಾಗಿಲಿಗೇ ಬರುವ ಸಭೆ

ಮಾನ್ಯ ಶಾಲಾ ಸಮಿತಿಯ ನಡಾವಳಿ ಪುಸ್ತಕದವರೇ,

ಕೆಂಪು ಬಟ್ಟೆಯ ಬೆನ್ನು, ಇನ್ನೂರು ಪುಟಗಳ ಹೊಟ್ಟೆ ಹೊತ್ತ ತಮ್ಮ ಸನ್ನಿಧಿಗೆ, ಐದನೇ ತರಗತಿಯ ಹುಡುಗಿಯೊಬ್ಬಳ ತಾಯಿಯೂ, ವೃತ್ತಿಯಿಂದ ದರ್ಜಿಯೂ, ನಿಯಮದ ಪ್ರಕಾರ ಸಮಿತಿಯ ಸದಸ್ಯೆಯೂ ಆದ ನನ್ನ ಅನಂತ ನಮಸ್ಕಾರಗಳು.

ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂಬ ನಿಯಮವನ್ನು ತಾವು ಎಷ್ಟು ಕರುಣೆಯಿಂದ ಪಾಲಿಸುತ್ತಿದ್ದೀರೆಂದು ನೆನೆದರೆ ಕಣ್ಣು ತುಂಬಿ ಬರುತ್ತದೆ. ಗಂಡಸರು ಪಾಪ, ಹೆಡ್‌ಮಾಸ್ತರರ ಕೋಣೆಯವರೆಗೆ ನಡೆದು ಹೋಗಿ, ಫ್ಯಾನಿನ ಕೆಳಗೆ ಕೂತು, ಬಿಸ್ಕತ್ತು ತಿಂದು ಚರ್ಚಿಸಬೇಕು. ನಮಗಾದರೋ ಮುಗಿದ ಸಭೆಯೇ ಅಟೆಂಡರನ ಕಂಕುಳಲ್ಲಿ ಕೂತು ಮನೆ ಬಾಗಿಲಿಗೆ ಬರುತ್ತದೆ. ಮೂರು ವರ್ಷಗಳಲ್ಲಿ ಹದಿನಾಲ್ಕು ಸಭೆಗಳಿಗೆ ನಾನು ಹೊಲಿಗೆ ಯಂತ್ರದಿಂದ ಏಳದೆಯೇ ಹಾಜರಾಗಿದ್ದೇನೆ. ಅಟೆಂಡರಣ್ಣ ಬರೆದ ಭಾಗದ ಮೇಲೆ ಅಂಗೈ ಊರಿ, ಸಹಿಯ ಜಾಗವನ್ನಷ್ಟೇ ತೋರಿಸುತ್ತಾನೆ. ಓದಿ ನಮ್ಮ ಕಣ್ಣು ನೋಯದಿರಲೆಂಬ ಕಾಳಜಿ ಇರಬೇಕು.

ಕಳೆದ ಸೋಮವಾರ ಅವನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ತಮ್ಮನ್ನು ನನ್ನ ಯಂತ್ರದ ಮೇಲಿರಿಸಿ ಅವನು ಹೊಲಿಸಲು ಹೋದಾಗ, ಅಂಗೈ ಮುಚ್ಚದ ಪುಟವನ್ನು ಮೊದಲ ಸಲ ಕಂಡೆ. ‘ಐದನೇ ತರಗತಿಯ ಮಕ್ಕಳೆಲ್ಲರೂ ಸರಾಗವಾಗಿ ಓದುತ್ತಾರೆಂದು ಸಮಿತಿಯು ಪರೀಕ್ಷಿಸಿ ಒಪ್ಪಿದೆ’ ಎಂದಿತ್ತು. ಹಿಂದೆ ತಿರುವಿದರೆ ನಾಲ್ಕನೇ, ಮೂರನೇ ತರಗತಿಗಳ ಬಗ್ಗೆಯೂ ಅದೇ ಮಾತು, ಕೆಳಗೆ ನನ್ನದೇ ಸಹಿ. ಹಿಗ್ಗಿ, ಮಗಳನ್ನು ಕರೆದು ಆ ಸಾಲು ಓದಿಸಿದೆ. ಎರಡು ಪದ ಕೂಡಿಸಿ ಓದಿದವಳು ಮೂರನೆಯದಕ್ಕೆ ತಲೆ ತಗ್ಗಿಸಿ, “ಒತ್ತಕ್ಷರ ನಮಗಿನ್ನೂ ಹೇಳ್ಕೊಟ್ಟಿಲ್ಲಮ್ಮ” ಎಂದಳು. ದೀಪದ ಬುಡದಲ್ಲೇ ಕತ್ತಲು: ಬೀದಿಯವರಿಗೆಲ್ಲ ಅಳತೆ ತೆಗೆಯುವ ನಾನು ಮಗಳ ಓದನ್ನು ಅಳೆದು ನೋಡದೆ ಸಹಿ ಹಾಕಿದ್ದೆ. ನನಗೆ ನಾಚಿಕೆಯಾಯಿತು.

ತಾವಂತೂ ಸುಳ್ಳು ಹೇಳುವವರಲ್ಲ. ಆದ್ದರಿಂದ ಸರಾಗವಾಗಿ ಓದುವ ಆ ಇನ್ನೊಬ್ಬ ಮಗಳು ತಮ್ಮ ಪುಟಗಳಲ್ಲೆಲ್ಲೋ ಇರಲೇಬೇಕು. ದಯಮಾಡಿ ಸಂಜೆ ಒಂದು ಗಂಟೆ ಅವಳನ್ನು ನಮ್ಮಲ್ಲಿಗೆ ಕಳುಹಿಸಿದರೆ ನಮ್ಮವಳಿಗೂ ನಾಲ್ಕಕ್ಷರ ಹೇಳಿಕೊಟ್ಟಾಳು. ಅದಾಗದಿದ್ದರೆ ವಾರ್ಷಿಕ ಪರೀಕ್ಷೆಗೆ ನಮ್ಮವಳ ಬದಲು ತಾವೇ ಕೂತು ಪಾಸಾಗಿ ಬರಬೇಕೆಂದು ಪ್ರಾರ್ಥನೆ.

ಇತಿ, ಅಂಗೈಯ ಕೆಳಗಿನ ಜಾಗದಲ್ಲಿ ಸದಾ ಹಾಜರಿರುವ
ತಮ್ಮ ವಿಶ್ವಾಸಿ,
ಮಹಿಳಾ ಸದಸ್ಯೆ

ವಿ.ಸೂ.: ತಮ್ಮನ್ನು ನಾನು ಹಿಂದಿರುಗಿಸದ್ದಕ್ಕೆ ಶಾಲೆಯಲ್ಲಿ ಗಾಬರಿಯಂತೆ. ತಾವು ಕ್ಷೇಮವಾಗಿ ಮಗಳ ತೊಡೆಯ ಮೇಲಿದ್ದೀರೆಂದು ಅಧ್ಯಕ್ಷರಿಗೆ ತಿಳಿಸಿದ್ದೇನೆ. ಆ ಸಾಲನ್ನು ಅವಳು ಸರಾಗವಾಗಿ ಓದಿದ ದಿನವೇ ಸಹಿ. ಅಷ್ಟು ದಿನ ಕಾಯಲಾಗದಿದ್ದರೆ ಹದಿನೈದನೇ ಸಭೆ ನಮ್ಮ ಮನೆಯಲ್ಲೇ ಸೇರಲಿ, ಅಧ್ಯಕ್ಷರು ಪಕ್ಕದಲ್ಲಿ ಕೂತು ಓದಿಸಲಿ, ಬಿಸ್ಕತ್ತು ನನ್ನದು. ಇವತ್ತಿಗೆ ಅವಳು ‘ಮಕ್ಕಳೆಲ್ಲರೂ’ ದಾಟಿದ್ದಾಳೆ.