ಗುಂಡುವಿಗೆ ಬೇಕಾದ ನೆರವು

— ಅಮ್ಮಾ, ನಾನು ಕೇಳಿದ್ದು ಅವರನ್ನ, ನಿಮ್ಮನ್ನಲ್ಲ!

— ಅವನಾದ್ರೇನು, ನಾನಾದ್ರೇನು? ಅವನಿಗೆ ಎಲೆಕೋಸು ಸೇರಲ್ಲ, ಬರ್ಕೊಳ್ಳಿ, ಎಂದಳು ಗುಂಡುವಿನ ಅಕ್ಕ.

ನೆರವು ಕೇಂದ್ರದ ಮೇಡಂ ನಿಟ್ಟುಸಿರು ಬಿಟ್ಟರು. ಬುದ್ಧಿ ಬೆಳವಣಿಗೆ ನಿಧಾನವಾದವರನ್ನು, ಮನಸ್ಸಿನ ಕಾಯಿಲೆ ಇದ್ದವರನ್ನು ಮನೆಗೇ ಹೋಗಿ ಕಂಡು, ಏನು ಸಹಾಯ ಬೇಕೆಂದು ಕೇಳಿ, ತಕ್ಕವರನ್ನು ಗೊತ್ತುಮಾಡಿಕೊಡುವುದು ಅವರ ಕೆಲಸ. ಎದುರಿಗೆ ಕೂತಿದ್ದ ಗುಂಡುವಿಗೆ ನಲವತ್ತು ದಾಟಿದೆ. ಕಲಿಯುವುದು ಮಾತ್ರ ನಿಧಾನ. ಅಪ್ಪ ಅಮ್ಮ ಹೋದಮೇಲೆ ಅವನಿಗೆ ಅಕ್ಕನೇ ಎಲ್ಲ. ಅಕ್ಕನಿಗೂ ಅವನೇ ಎಲ್ಲ. ಹಾಗಾಗಿ ಯಾರೋ ಬಂದು ‘ನೆರವು’ ಎಂದಾಗ ಅವಳಿಗೆ ಮಡಿಲಿಂದ ಏನೋ ಕಿತ್ತುಕೊಂಡಂತಾಗಿತ್ತು.

— ಗುಂಡು ಅವರೇ, ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡೋ ಕೆಲಸ ಇದೆ. ಕಲಿಸೋಕೆ ಜೊತೇಲಿ ಒಬ್ರು ಇರ್ತಾರೆ. ಇಷ್ಟಾನಾ?

— ಇಷ್ಟ ಇಲ್ಲ ಅವನಿಗೆ, ಎಂದಳು ಅಕ್ಕ.

— ಇಷ್ಟ, ಎಂದ ಗುಂಡು.

— ನೋಡಿದ್ರಾ? ಪ್ರಶ್ನೆನೇ ಅರ್ಥ ಆಗಿಲ್ಲ ಪಾಪ!

— ಅಮ್ಮಾ, ಒಂದು ಲೋಟ ನೀರು ಕೊಡ್ತೀರಾ?

ಅಕ್ಕ ಅಡುಗೆಮನೆಗೆ ಹೋದಳು. ಕಿವಿ ಮಾತ್ರ ಹಾಲ್‌ನಲ್ಲೇ ಉಳಿಯಿತು.

— ಬಸ್ಸಲ್ಲಿ ಒಬ್ರೇ ಹೋಗ್ತೀರಾ, ಗುಂಡು ಅವರೇ?

— ಹೋಗಲ್ಲ! ಭಯ! ಒಳಗಿಂದ ಉತ್ತರ ಬಂತು.

— ಯಾರಿಗೆ ಭಯ?

— ಅಕ್ಕಂಗೆ, ಎಂದ ಗುಂಡು.

ಅಕ್ಕ ಅರ್ಧ ನೀರು ಚೆಲ್ಲಿಕೊಂಡು ಓಡಿಬಂದಳು.

— ಕೋಪ ಮಾಡ್ಕೋಬೇಡಿ ಅಮ್ಮಾ. ನೋಡ್ಕೊಳ್ಳೋರಿಗೂ ಸ್ವಲ್ಪ ಬಿಡುವು ಸಿಗ್ಲಿ ಅಂತ ನಮ್ಮಲ್ಲಿ ಒಂದು ಏರ್ಪಾಡಿದೆ...

— ಸುಸ್ತಾಗಿದೆ ಅಂತ ನಾನು ಯಾರ ಹತ್ರ ಹೇಳ್ದೆ?

— ಮೇಡಂ, ಅದನ್ನ ನಂಗೆ ಕೊಡಿ, ಎಂದ ಗುಂಡು. ವಾರಕ್ಕೆರಡು ಸಲ ಯಾರಾದ್ರೂ ಬಂದು ಇವಳನ್ನ ಹೊರಗೆ ಕರ್ಕೊಂಡು ಹೋಗ್ಲಿ.

— ಯಾಕೋ?

— ದಿನಾ ನಿನ್ನ ನೋಡ್ಕೊಂಡು ನಂಗೂ ಸಾಕಾಗುತ್ತೆ. ಒಬ್ಳೇ ಕೂತ್ರೆ ಅಳ್ತೀಯ. ಅದಕ್ಕೇ ನಾನು ಎಲ್ಲೂ ಹೋಗಲ್ಲ.

ಅಕ್ಕ ಮೇಡಂಗೆ ತಂದಿದ್ದ ನೀರನ್ನು ತಾನೇ ಗಟಗಟ ಕುಡಿದುಬಿಟ್ಟಳು.

— ಏನಂತ ಬರ್ಕೊಳ್ಳಲಿ ಅಮ್ಮಾ?

— ಹೋಗ್ಲಿ ಬಿಡಿ, ಬೇಕರಿಗೇ ಹೋಗ್ಲಿ, ಎಂದಳು ಮುಖ ಊದಿಸಿಕೊಂಡು. ಆಮೇಲೆ ದನಿ ತಗ್ಗಿಸಿ ಕೇಳಿದಳು:

— ಆ ಕರ್ಕೊಂಡು ಹೋಗೋರು... ಸಿನಿಮಾಕ್ಕೂ ಬರ್ತಾರಾ?