ಮೂರು ಮನೆಗೆ ಒಂದೇ ದರ

ನನ್ನ ಹೆಂಡತಿ ಆರ್ಡಿಸ್‌ಳನ್ನು ಅಂಗಡಿಯವನ ಕಣ್ಣಿಂದ ಅಳೆದು ಹೇಳುವುದಾದರೆ: ಎತ್ತರ ಐದಡಿ ಎರಡಿಂಚು, ಗಟ್ಟಿಮುಟ್ಟು, ಎಂಥ ಚಳಿಗೂ ಬಾಳಿಕೆ ಬರುವ ಸರಕು. ಒಮ್ಮೆ ಹೇಳಿದ ದರಕ್ಕೆ ಚೌಕಾಸಿ ಇಲ್ಲ, ಕ್ರಿಸ್‌ಮಸ್ ರಿಯಾಯಿತಿಯೂ ಇಲ್ಲ. (ತೂಕ ಹೇಳುವುದಿಲ್ಲ. ತಕ್ಕಡಿ ನನ್ನದೇ, ಆದರೆ ಪ್ರಾಣವೂ ನನ್ನದೇ.) ದಕ್ಷಿಣ ಮಿನೆಸೋಟದ ಈ ಊರಲ್ಲಿ ಮೂವತ್ತೈದು ವರ್ಷದಿಂದ ಮಾಂಸದ ಅಂಗಡಿ ಇಟ್ಟಿರುವ ಹಿಲ್ಮರ್ ಎಂಬ ನಾನು, ಗಿರಾಕಿ ಬಾಗಿಲು ತಳ್ಳುವ ರೀತಿಯಲ್ಲೇ ಅವನ ಜೇಬಿನ ಆಳ ಹೇಳಬಲ್ಲೆ. ಆರ್ಡಿಸ್‌ಳ ಆಳ ಮಾತ್ರ ಮದುವೆಯಾಗಿ ಮೂವತ್ತೆರಡು ವರ್ಷವಾದರೂ ಸಿಕ್ಕಿಲ್ಲ.

ಏಪ್ರಿಲ್‌ನಲ್ಲಿ ಅಂಗಡಿಗೆ ಕೋರ್ಟಿನ ಕಾಗದ ಬಂತು. ದೊಡ್ಡ ದೊಡ್ಡ ಮಾಂಸದ ಕಂಪನಿಗಳು ಒಳಗೊಳಗೇ ಕೂಡಿಕೊಂಡು ಹಂದಿ ಮಾಂಸದ ಬೆಲೆ ಏರಿಸಿವೆ ಎಂದು ಯಾರೋ ಸಾಮೂಹಿಕ ದಾವೆ ಹೂಡಿದ್ದಾರೆ. ಇಂಥ ವರ್ಷದಿಂದ ಇಂಥ ವರ್ಷದವರೆಗೆ ಮಾಂಸ ಕೊಂಡವರೆಲ್ಲ, ತಾವಾಗಿ ಬೇಡವೆನ್ನದಿದ್ದರೆ, ಫಿರ್ಯಾದಿಗಳೇ. ಅಂದರೆ ನಾನು ಗೊರಕೆ ಹೊಡೆಯುತ್ತಲೇ ದೈತ್ಯರ ಮೇಲೆ ಯುದ್ಧ ಸಾರಿಬಿಟ್ಟಿದ್ದೆ!

"ಆರ್ಡಿಸ್, ನಾನು ಫಿರ್ಯಾದಿ ಕಣೇ!"

"ಅದು ಮದುವೆಯಾದ ವಾರಕ್ಕೇ ಗೊತ್ತಾಯ್ತು," ಎಂದಳು. ಕಾಗದ ಓದಿ ಕೇಳಿದಳು: "ಅವ್ರು ನಿಂಗೆ ಬೆಲೆ ಜಾಸ್ತಿ ಹಾಕಿದಾಗ ನೀನೇನ್ ಮಾಡ್ದೆ?"

"ಗಿರಾಕಿಗೆ ಜಾಸ್ತಿ ಹಾಕ್ದೆ."

"ಹಾಗಾದ್ರೆ ಕಳ್ಕೊಂಡಿದ್ದು ಯಾರು?"

ನನಗೆ ತಟ್ಟನೆ ಚಾಕು ಮಸೆಯುವುದು ಬಾಕಿಯಿರುವುದು ನೆನಪಾಯಿತು.

ದುಡ್ಡಿನ ಮಾತು ಹಾಗಿರಲಿ. ನನ್ನನ್ನು ಕೊರೆದದ್ದು ಬೇರೆ: ಒಬ್ಬರ ಮುಖ ಒಬ್ಬರು ನೋಡದ ವ್ಯಾಪಾರಿಗಳು ಕೂಡಿಕೊಳ್ಳುವುದಾದರೂ ಹೇಗೆ? ನಮ್ಮ ಊರಲ್ಲಿ ಇಬ್ಬರು ಕ್ಷೌರಿಕರು ಬಾಗಿಲು ತೆರೆಯುವ ಹೊತ್ತಿಗೇ ಒಪ್ಪುವುದಿಲ್ಲ! ಕಾಗದದಲ್ಲಿ ಆ ಆರೋಪವನ್ನೂ ಬಿಡಿಸಿ ಬರೆದಿದ್ದರು. ಯಾರೂ ಯಾರ ಜೊತೆಗೂ ಮಾತಾಡಬೇಕಾಗಿಲ್ಲವಂತೆ. ಪ್ರತಿಯೊಬ್ಬರೂ ತಮ್ಮ ಲೆಕ್ಕವನ್ನು ಮಧ್ಯದ ಒಬ್ಬನಿಗೆ ಕಳಿಸುತ್ತಾರೆ. ಅವನು ಹೆಸರು ಅಳಿಸಿ, ಎಲ್ಲವನ್ನೂ ಒಂದು ವರದಿ ಮಾಡಿ ವಾಪಸ್ಸು ಕಳಿಸುತ್ತಾನೆ. ಹೆಸರಿಲ್ಲದಿದ್ದರೇನು, ಯಾವ ಅಂಕಿ ಯಾರದೆಂದು ಎಲ್ಲರಿಗೂ ಗೊತ್ತು. ಯಾರೂ ದರ ಇಳಿಸುವುದಿಲ್ಲ. ಕಂಪನಿಗಳು ಇದೆಲ್ಲ ಸುಳ್ಳು ಎನ್ನುತ್ತಿವೆ. ನಿಜವೋ ಸುಳ್ಳೋ, ಉಪಾಯದ ಅಂದಕ್ಕೆ ನಾನು ಮನಸೋತೆ.

ಇಲ್ಲಿ ನನ್ನ ಸಂಕಟವೊಂದನ್ನು ಹೇಳಬೇಕು. ಆರ್ಡಿಸ್‌ಗೆ ಇಬ್ಬರು ತಂಗಿಯರು, ವರ್ಲಾ ಮತ್ತು ಇಡೆಲ್. ಅವರ ಗಂಡಂದಿರು ಲೈಲ್ ಮತ್ತು ಮರ್ವಿನ್, ನನ್ನ ಷಡ್ಡಕರು. ಪ್ರತಿ ಮೇ ತಿಂಗಳು ಮೀನಿನ ಹಂಗಾಮು ಶುರುವಾದ ದಿನ ನಾವು ಮೂವರೂ ಉತ್ತರದ ಸರೋವರದ ದಡದಲ್ಲಿರುವ ಲೈಲ್‌ನ ಮರದ ಮನೆಗೆ ಹೊರಡುತ್ತೇವೆ. ಆ ಮನೆ ಈ ವರ್ಷ ಮಾರಾಟವಾಗುತ್ತಿತ್ತು. ಕೊನೆಯ ಸಲವಾದರೂ ಏಳು ದಿನ ಇರೋಣವೆಂದು ನಾನು ಕೇಳಿದೆ. ಆರ್ಡಿಸ್, "ನಾಲ್ಕು" ಎಂದಳು. ವರ್ಲಾ ಲೈಲ್‌ಗೆ ನಾಲ್ಕು ಎಂದಳು. ಇಡೆಲ್ ಮರ್ವಿನ್‌ಗೆ ನಾಲ್ಕು ಎಂದಳು. ಹಿಂದಿನ ವರ್ಷವೂ ನಾಲ್ಕು. ಅದರ ಹಿಂದೆಯೂ.

ಒಂದು ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಕೌದಿ ಹೊಲಿಯುತ್ತಿದ್ದರು. ಅವರ ಊಟಕ್ಕೆ ಹಂದಿ ತೊಡೆಯ ಹ್ಯಾಮ್ ಕೊಡಲು ಹೋದವನು ಮೆಟ್ಟಿಲ ಮೇಲೇ ನಿಂತುಬಿಟ್ಟೆ.

"ಒಬ್ರ ಮನೇಲಿ, ಹೆಸರು ಬೇಡ, ಈ ಸಲ ಏಳು ದಿನ ಕೇಳ್ತಿದಾರಂತೆ." ಇದು ವರ್ಲಾ.

"ಅಯ್ಯಯ್ಯೋ, ಏಳಾ! ನಂಗೆ ಗೊತ್ತಿರೋ ಇನ್ನೊಂದ್ ಮನೇಲಿ ನಾಲ್ಕರ ಮೇಲೆ ಒಂದ್ ಗಂಟೇನೂ ಇಲ್ಲ." ಇದು ಇಡೆಲ್.

"ನಾನು ಕೇಳಿದ ಹಾಗೆ ಎಲ್ಲಾ ಕಡೆ ನಾಲ್ಕೇ ನಡೀತಿರೋದಪ್ಪ," ಎಂದು ನನ್ನ ಧರ್ಮಪತ್ನಿ ದಾರ ಕಡಿದಳು.

ಹೆಸರಿಲ್ಲ! ಅಂಕಿ ಮಾತ್ರ! ಆ 'ಒಬ್ರ ಮನೆ' ಯಾವುದೆಂದು ಅಲ್ಲಿ ಗೊತ್ತಿಲ್ಲದಿದ್ದದ್ದು ನನ್ನ ಕೈಯಲ್ಲಿದ್ದ ಹ್ಯಾಮಿಗೆ ಮಾತ್ರ. ಕಂಪನಿಗಳ ಮೇಲಿನ ಆರೋಪಕ್ಕೆ ವಕೀಲರು ಸಾಕ್ಷಿ ಹುಡುಕುತ್ತಿದ್ದರೆ, ನನಗೆ ಪೂರ್ತಿ ಕಾರ್ಖಾನೆಯೇ ಸಿಕ್ಕಿತ್ತು.

ಮರುದಿನ ಬೆಳಿಗ್ಗೆ ಧಾನ್ಯದ ಗೋದಾಮಿನಲ್ಲಿ ಗಂಡಸರ ಕಾಫಿಯ ಹೊತ್ತಿಗೆ ಷಡ್ಡಕರಿಗೆ ಎಲ್ಲವನ್ನೂ ಬಿಚ್ಚಿಟ್ಟೆ.

"ಮೂರು ಗಂಡಂದಿರ ಸಾಮೂಹಿಕ ದಾವೆ ಹಾಕೋಣ. ಏಳು ದಿನ ಕೊಡ್ಲೇಬೇಕು."

"ಅದೆಲ್ಲ ಸರಿ ಕಣೋ, ಸೋತ್ರೆ?" ಎಂದ ಮರ್ವಿನ್. ಅವನು ಹೆಂಡತಿ ಸೀನಿದರೂ ಕ್ಷಮಿಸು ಎನ್ನುವ ಗಿರಾಕಿ.

"ಮೂರ್ ಜನ ಒಟ್ಟಿಗಿದ್ರೆ ಹೆಂಗೋ ಸೋಲ್ತೀವಿ? ಬಾಯಿ ಮುಚ್ಕೊಂಡ್ ರುಜು ಹಾಕು," ಎಂದೆ.

ಭಾನುವಾರ ಮೂರು ಜೋಡಿಯೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಮಾಂಸ ಸುತ್ತುವ ಬಿಳಿ ಕಾಗದದ ಮೇಲೆ ಬರೆದ ದೂರನ್ನು ಎದ್ದು ನಿಂತು ಓದಿದೆ. "ಸದರಿ ಪ್ರತಿವಾದಿಯರು ಕೌದಿಯ ಮರೆಯಲ್ಲಿ ಮಾಹಿತಿ ವಿನಿಮಯ ಮಾಡಿಕೊಂಡು, ಗಂಡಂದಿರ ಸ್ವಾತಂತ್ರ್ಯದ ಸರಬರಾಜನ್ನು ಕೃತಕವಾಗಿ ತಡೆಹಿಡಿದು..." ವರ್ಲಾಳಿಗೆ ನಗು ತಡೆಯದೆ ಕಾಫಿ ಮೂಗಿಗೆ ಹೋಯಿತು. ಆರ್ಡಿಸ್ ಮಾತ್ರ ನಗಲಿಲ್ಲ. ಕಾಗದವನ್ನು ಒರೆಸಿದ ಕೈಯಲ್ಲಿ ಇಸಿದುಕೊಂಡು ಎರಡು ಸಲ ಓದಿದಳು.

"ಚೆನ್ನಾಗ್ ಬರ್ದಿದೀಯ ಹಿಲ್ಮರ್. ಉತ್ತರ ಕೊಡೋಕೆ ಒಂದ್ ವಾರ ವಾಯಿದೆ ಕೊಡು."

ಕೊಟ್ಟೆ. (ವ್ಯಾಪಾರದಲ್ಲಿ ನಾನು ಯಾರಿಗೂ ಒಂದು ವಾರದ ಸಾಲ ಕೊಟ್ಟವನಲ್ಲ. ಈ ವಿವೇಕ ಆ ದಿನ ಎಲ್ಲಿಗೆ ಹೋಗಿತ್ತೋ.)

ಮುಂದಿನ ಭಾನುವಾರ ಮರ್ವಿನ್ ನನ್ನ ಪಕ್ಕದಲ್ಲಿ ಕೂರಲಿಲ್ಲ. ಆ ಕಡೆ ಇಡೆಲ್ ಪಕ್ಕ ಕೂತು ಆಲೂಗಡ್ಡೆಯನ್ನೇ ನೋಡುತ್ತಿದ್ದ.

"ನಮ್ದೂ ಒಂದು ಪ್ರತಿದಾವೆ ಇದೆ," ಎಂದಳು ಆರ್ಡಿಸ್. "ಮೂವತ್ತೊಂದು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ನಮ್ಮ ಮೂರೂ ಮನೇಲಿ ಗಂಡಂದ್ರು ಒಂದೊಂದ್ ಸಲ ಬಟ್ಟೆ ಒಗೆಯೋಕ್ ಹೋದ್ರು. ಮೂರೂ ಮನೇಲಿ ಬಿಳೀ ಬಟ್ಟೆಯೆಲ್ಲ ಗುಲಾಬಿ ಆಯ್ತು. ಅವತ್ತಿಂದ ಮೂವರಲ್ಲಿ ಯಾರೂ ಮಷೀನ್ ಮುಟ್ಟಿಲ್ಲ."

"ನಾವ್ ಪೌಡರ್ ಕೆಟ್ಟದ್ದು ಅಂದ್ಕೊಂಡು ಕಂಪನೀನೇ ಬದಲಾಯಿಸಿದ್ವಲ್ಲೇ ಅಕ್ಕ!" ಎಂದಳು ವರ್ಲಾ.

"ಕಾಕತಾಳೀಯ," ಎಂದೆ ನಾನು.

"ಮರ್ವಿನ್, ಹೇಳು."

ಮರ್ವಿನ್ ಎದ್ದು ನಿಂತ. ಮಾಫಿ ಸಾಕ್ಷಿ! "ಗೋದಾಮಿನ ಕಾಫಿ ಹೊತ್ತಲ್ಲಿ ಹಿಲ್ಮರ್ ಹೇಳ್ದ. ಒಂದೇ ಒಂದ್ ಕೆಂಪು ಕಾಲುಚೀಲ ಹಾಕಿ, ಒಂದೇ ಸಲ, ಆಮೇಲೆ ಜೀವಮಾನದಲ್ಲಿ ಯಾರೂ ಕರೆಯಲ್ಲ ಅಂತ. ಕಾಲುಚೀಲಾನೂ ಅವ್ನೇ ತಂದ್ಕೊಟ್ಟ."

"ಲೋ ದ್ರೋಹಿ!"

"ಇಡೆಲ್ ಏಳು ದಿನ ಕೊಡ್ತೀನಿ ಅಂದ್ಲು ಕಣೋ," ಎಂದ ಪಾಪ.

ನಾನು ಲೈಲ್ ಕಡೆ ತಿರುಗಿದೆ. ಲೈಲ್ ಆಗಲೇ ಕೈ ಎತ್ತಿದ್ದ. "ನಂದೂ ಅದೇ ಹೇಳಿಕೆ. ನಂಗೂ ಏಳು."

ಹೀಗೆ ಮೂರು ನಿಮಿಷದಲ್ಲಿ ನನ್ನ ಸಮೂಹ ಕರಗಿ ನಾನೊಬ್ಬನೇ ಉಳಿದೆ. ಏಳು ಬೇಡ, ಹಳೆಯ ನಾಲ್ಕಾದರೂ ಇರಲಿ ಎಂದು ಅಂಗಲಾಚಿದೆ. ಮಾಫಿ ಏನಿದ್ದರೂ ಹಿಂಬಾಲಿಸಿದವರಿಗೆ, ಪಿತೂರಿಯ ನಾಯಕನಿಗೆ ಅಲ್ಲ ಎಂದು ಮೂವರು ಅಕ್ಕತಂಗಿಯರ ಪೀಠ ಒಮ್ಮತದಿಂದ ತೀರ್ಪಿತ್ತಿತು. ಕೋರ್ಟಿನ ಕಾಗದವನ್ನು ನಾನು ಮೊದಲ ಪುಟ ಓದಿ ಹಿಗ್ಗಿದ್ದೆ. ಆರ್ಡಿಸ್ ಕೊನೆಯ ಪುಟದವರೆಗೂ ಓದಿದ್ದಳು. ಇಂಥ ಪಿತೂರಿ ರುಜುವಾತಾದರೆ ನಷ್ಟದ ಮೂರು ಪಟ್ಟು ತುಂಬಿಕೊಡಬೇಕಂತೆ. ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ 'ಮೂವತ್ತೊಂದು ವರ್ಷದ ಬಟ್ಟೆ' ಎಂದು ಬರೆದಿದ್ದಳು.

ಹಂದಿ ಮಾಂಸದ ದಾವೆ ಇನ್ನೂ ನಡೆಯುತ್ತಿದೆ. ನನ್ನದು ಎರಡು ಭಾನುವಾರದಲ್ಲಿ ಮುಗಿಯಿತು. ಮೀನಿನ ಹಂಗಾಮಿನ ಐದನೆಯ ದಿನ ನಾನು ಮಷೀನಿನ ಮುಂದೆ ಬಿಳಿ ಬಟ್ಟೆ ಬೇರೆ, ಬಣ್ಣದ್ದು ಬೇರೆ ಮಾಡುತ್ತಿದ್ದಾಗ ಫೋನಿಗೆ ಚಿತ್ರವೊಂದು ಬಂತು: ಲೈಲ್‌ನ ಮನೆಯ ಮೆಟ್ಟಿಲ ಮೇಲೆ ಇಬ್ಬರು ಮಾಫಿ ಸಾಕ್ಷಿಗಳು, ನಡುವೆ ತೋಳುದ್ದದ ಮೀನು. ಆರ್ಡಿಸ್ ಇಣುಕಿ ನೋಡಿ, "ಒಳ್ಳೇ ಮೀನು" ಎಂದಳು. ಆಮೇಲೆ, "ಇನ್ನೂ ಸ್ವಲ್ಪ ಕಮ್ಮಿ ಪೌಡರ್ ಸಾಕು," ಎಂದು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು ತೋರಿಸಿಕೊಟ್ಟಳು.

ನನಗೀಗ ಅರವತ್ತೆರಡು. ಆರ್ಡಿಸ್‌ಗೆ ನಾನು ತೊಂಬತ್ತಮೂರು ವರ್ಷದ ಬಟ್ಟೆ ಒಗೆದು ಕೊಡಬೇಕಾಗಿದೆ.