ಶೋಕೇಸಿನ ನಾಲ್ಕು ಗೊಂಬೆಗಳು

ಗುಂಡುಸೂಜಿಯ ಗ್ರಹಚಾರ ಆ ಬೆಳಿಗ್ಗೆ ನಾಲ್ಕು ರಟ್ಟಿನ ಪೆಟ್ಟಿಗೆಗಳಲ್ಲಿ ಬಂದಿಳಿಯಿತು. ಬಟ್ಟೆ ಅಂಗಡಿಯ ಶೋಕೇಸು ಸಿಂಗರಿಸುವ ಈ ಬಡಪಾಯಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇಲ್ಲದಿರಲಿಲ್ಲ. ಆದರೆ ಮೂರು ಹೊತ್ತೂ ತುಟಿಗಳ ನಡುವೆ ಸೂಜಿ ಕಚ್ಚಿಕೊಂಡು ಓಡಾಡುವವನನ್ನು ಬೀದಿಯವರು ಬೇರೆ ಹೇಗೆ ತಾನೇ ಕರೆದಾರು?

ಹನ್ನೊಂದು ವರ್ಷದಿಂದ ಅವನು ಟೆಂಪರರಿ. ಕೇಳಿದಾಗಲೆಲ್ಲ "ಮುಂದಿನ ವರ್ಷ ನೋಡೋಣಪ್ಪ" ಎನ್ನುತ್ತಿದ್ದ ಯಜಮಾನರು ಈ ಸಲ ಬೆಳಿಗ್ಗೆಯೇ ಫೋನು ಮಾಡಿ ಬಾಯಿಬಿಟ್ಟು ಹೇಳಿದ್ದರು. "ನಾಳೆ ರಾಷ್ಟ್ರೀಯ ದಿನ. ಇವತ್ತು ಸಂಜೆ ಐದಕ್ಕೆ ಬಂದು ಶೋಕೇಸು ನೋಡ್ತೀನಿ. ದೇಶದ ಎಲ್ಲಾ ಜನಾನೂ ಅದ್ರಲ್ಲಿ ಕಾಣ್ಬೇಕು. ಯಾರಿಗೂ ಬೇಜಾರಾಗ್ಬಾರದು. ಅಷ್ಟು ಮಾಡಿದ್ರೆ ನಿನ್ನ ಕೆಲಸ ಖಾಯಂ."

ಮನೆಯಲ್ಲಿ ಹೆಂಡತಿಯೂ ಖಡಾಖಂಡಿತವಾಗಿ ಹೇಳಿ ಕಳಿಸಿದ್ದಳು. "ಇವತ್ತೂ ಖಾಯಂ ಆಗ್ಲಿಲ್ಲ ಅಂದ್ರೆ ನಾಳೆಯಿಂದ ನಮ್ಮಣ್ಣನ ಕೋಳಿ ಫಾರಮ್ಮಿಗೆ ಹೋಗ್ತೀರಿ. ಅಷ್ಟೇ!" ಭಾವನ ಕೈಕೆಳಗೆ ಕೋಳಿಗಳ ಹಿಂದೆ ಓಡುವುದನ್ನು ನೆನೆದರೇ ಅವನಿಗೆ ಜ್ವರ ಬಂದಂತಾಗುತ್ತಿತ್ತು.

ಆ ಊರಿನಲ್ಲಿ ನಾಲ್ಕು ಥರದ ಜನ. ಮೊದಲಿನಿಂದ ಇದ್ದವರು, ಹಡಗಿನಲ್ಲಿ ಬಂದವರು, ಗುಡ್ಡ ಇಳಿದು ಬಂದವರು, ಗಡಿ ದಾಟಿ ಬಂದವರು. ಯಜಮಾನರು ತರಿಸಿದ ಗೊಂಬೆಗಳಿಗೂ ಅದಕ್ಕೆ ತಕ್ಕಂತೆ ನಾಲ್ಕು ಮೈಬಣ್ಣ, ನಾಲ್ಕು ಥರದ ಮೂಗು. ಗುಂಡುಸೂಜಿ ಅವಕ್ಕೆ ಹೊಸ ಬಟ್ಟೆ ತೊಡಿಸಿ, ಸಾಲಾಗಿ ನಿಲ್ಲಿಸಿ, ತಲೆಯ ಮೇಲೆ 'ನಾವೆಲ್ಲರೂ ಒಂದೇ' ಎಂಬ ಬ್ಯಾನರ್ ಕಟ್ಟಿದ. ಹತ್ತೂವರೆಗೆಲ್ಲ ಕೆಲಸ ಮುಗಿಯಿತು. ಅಬ್ಬಾ, ಇಷ್ಟು ಸುಲಭವೇ ಅಂದುಕೊಂಡ, ಪಾಪ.

ಆಗ ಗಾಜು ಟಕಟಕ ಎಂದಿತು. ಹೊರಗೆ ನಿವೃತ್ತ ಮೇಷ್ಟ್ರು ನಿಂತಿದ್ದರು, ಮೊದಲಿನಿಂದ ಇದ್ದವರ ಪೈಕಿ.

"ಏನಯ್ಯಾ, ನಮ್ಮವನನ್ನ ಕೊನೇಲಿ ನಿಲ್ಸಿದೀಯ? ಮೊದಲಿಂದ ಇದ್ದವರು ಮೊದಲು ನಿಲ್ಬೇಕೋ ಬೇಡ್ವೋ?"

"ಸಾರ್, ಆ ಕಡೆಯಿಂದ ನಡ್ಕೊಂಡು ಬಂದ್ರೆ ಅವನೇ ಮೊದಲು."

"ನಮ್ಮನೆ ಈ ಕಡೆ ಇದೆ ಕಣಯ್ಯಾ!"

ಗುಂಡುಸೂಜಿ ಗೊಂಬೆಯನ್ನು ತಬ್ಬಿಕೊಂಡು ಈ ತುದಿಗೆ ತಂದು ನಿಲ್ಲಿಸಿದ. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಎದುರಿನ ಔಷಧಿ ಅಂಗಡಿಯ ಅಮ್ಮ ಸೊಂಟಕ್ಕೆ ಕೈಕೊಟ್ಟು ಹಾಜರಾದರು. ಅವರು ಹಡಗಿನವರು.

"ನಮ್ಮ ಹುಡುಗಿ ಕೈಲಿ ಬ್ಯಾಗ್ ಯಾಕಪ್ಪ? ಈಗ ತಾನೇ ಹಡಗಿಂದ ಇಳಿದ್ವಾ ನಾವು? ಮೂರು ತಲೆಮಾರಾಯ್ತು!"

"ಅಮ್ಮಾ, ಅದು ಸೇಲಿಗಿರೋ ಬ್ಯಾಗು. ಸುಮ್ನೆ ಫ್ಯಾಷನ್ನಿಗೆ..."

"ಫ್ಯಾಷನ್ನು ಬೇರೆಯವರಿಗೆ ಕೊಡು."

ಬೇರೆಯವರಿಗೆ ಕೊಟ್ಟ. ಬ್ಯಾಗು ಗುಡ್ಡದವರ ಗೊಂಬೆಯ ಹೆಗಲೇರಿತು. ಏರಿ ಎರಡು ನಿಮಿಷವಾಗಿಲ್ಲ, ಮೂಲೆಯ ಬೀಗ ರಿಪೇರಿಯವನು ಸುತ್ತಿಗೆ ಹಿಡಿದುಕೊಂಡೇ ಬಂದ. "ಓಹೋ! ಹೊರೆ ಹೊರೋಕೆ ಮಾತ್ರ ನಾವು, ಅಲ್ವಾ?" ಗುಂಡುಸೂಜಿ ಸುತ್ತಿಗೆಯನ್ನೂ ಗಾಜನ್ನೂ ಒಮ್ಮೆ ನೋಡಿ, ಬ್ಯಾಗನ್ನು ಅತ್ತ ಎಸೆದ.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಬೇಕರಿಯವನು ಬಂದ. ಗಡಿಯಾಚೆಯವನು. ಕಣ್ಣಲ್ಲಿ ನೀರು ತುಂಬಿಕೊಂಡಿದ್ದ.

"ಅಣ್ಣಾ, ನಮ್ಮವನೊಬ್ಬನೇ ಯಾಕೆ ಹಾಗೆ ಕಳ್ಳನ ಥರ ಓರೆಗಣ್ಣಲ್ಲಿ ನೋಡ್ತಿದಾನೆ? ಗಡಿ ದಾಟಿ ಬಂದವರೆಲ್ಲಾ ಕಳ್ಳರಾ?"

"ಛೆ ಛೆ, ಕಾರ್ಖಾನೇಲೇ ಕತ್ತು ಹಾಗೆ ಕೂರ್ಸಿದಾರಪ್ಪ. ಇರು, ಸರಿ ಮಾಡ್ತೀನಿ."

ಕತ್ತು ತಿರುಗಿಸಿದ. ತಿರುಗಲಿಲ್ಲ. ಹಲ್ಲು ಕಚ್ಚಿ ಇನ್ನಷ್ಟು ತಿರುಗಿಸಿದ. ತಲೆ ಲೊಟಕ್ಕನೆ ಕೈಗೇ ಬಂತು.

"ಅಯ್ಯಯ್ಯೋ, ನಮ್ಮವನ ತಲೆ ತೆಗೆದ್ನಲ್ಲಪ್ಪಾ!" ಬೇಕರಿಯವನ ಕೂಗಿಗೆ ಇಡೀ ಬೀದಿ ಬಂದು ಜಮಾಯಿಸಿತು. ಸಂತೆಯಂಥ ಆ ಗಲಾಟೆಯಲ್ಲಿ ಯಾರು ಏನು ಹೇಳುತ್ತಿದ್ದಾರೆ ಎನ್ನುವುದೇ ತಿಳಿಯದಾಯಿತು. ಕ್ಯಾಶಿಯರ್ ಅಕ್ಕ ಒಳಗಿನಿಂದಲೇ ಪರಿಹಾರ ಸೂಚಿಸಿದಳು. "ಒಬ್ಬನ ತಲೆ ತೆಗೆದ್ರೆ ತಾನೇ ಅನ್ಯಾಯ? ಎಲ್ಲರದ್ದೂ ತೆಗಿ, ಸಮ ಆಗುತ್ತೆ."

ಎಲ್ಲರ ತಲೆ ತೆಗೆದ. ಆಮೇಲೆ ಕೈಗಳ ಬಣ್ಣ ಕಾಣುತ್ತದೆಂದು ತಕರಾರು ಬಂತು, ಗ್ಲೌಸು ತೊಡಿಸಿದ. ಗ್ಲೌಸು ತೊಡಿಸಲು ಗುಡ್ಡದವರ ಗೊಂಬೆಯನ್ನು ಮಲಗಿಸಿದಾಗ ಅಂಗಾಲಿನಲ್ಲಿ ಕಾರ್ಖಾನೆಯವರು ಬರೆದ ನಂಬರು ಕಾಣಿಸಿಬಿಟ್ಟಿತು. "ನಾವು ನಾಲ್ಕನೇ ನಂಬರಾ? ಹಾಗಾದ್ರೆ ಒಂದನೇ ನಂಬರು ಯಾರು?" ಎಂದು ಬೀಗದವನು ಮೇಷ್ಟ್ರನ್ನು ದುರುಗುಟ್ಟಿ ನೋಡಿದ. ಮೇಷ್ಟ್ರು ಆಕಾಶ ನೋಡಿದರು.

ಗುಂಡುಸೂಜಿಗೆ ತಲೆ ಚಿಟ್ಟು ಹಿಡಿಯಿತು. ಸಾಕಪ್ಪಾ ಸಾಕು ಎಂದು ನಾಲ್ಕು ಗೊಂಬೆಗಳನ್ನೂ ಗೋಡೌನಿಗೆ ಹೊತ್ತು ಹಾಕಿದ. ಶರ್ಟು, ಪ್ಯಾಂಟು, ಸ್ಕರ್ಟುಗಳನ್ನು ತಂತಿಗೆ ತೂಗುಹಾಕತೊಡಗಿದ. ಬಟ್ಟೆಗೆ ಜಾತಿಯಿಲ್ಲ, ಕುಲವಿಲ್ಲ, ಮೂಗಂತೂ ಮೊದಲೇ ಇಲ್ಲ. ಜನ ಒಳಗೆ ನುಗ್ಗಿಯಾರೆಂದು ಹೆದರಿದ ಕ್ಯಾಶಿಯರ್ ಅಕ್ಕ ಶೋಕೇಸಿನ ಹಿಂಬಾಗಿಲಿಗೆ ಅಂಗಡಿಯ ಕಡೆಯಿಂದ ಚಿಲಕ ಹಾಕಿದಳು. ಅವನು ಸ್ಟೂಲಿನ ಮೇಲೆ ನಿಂತು ಕೊನೆಯ ಕಾಲರು ಸರಿಮಾಡುತ್ತಿದ್ದಾಗ, ಐದಕ್ಕೆ ಐದು ನಿಮಿಷವಿರುವಾಗಲೇ, ಯಜಮಾನರ ಕಾರು ಬಂದು ನಿಂತಿತು.

ಗುಂಡುಸೂಜಿ ಬಾಗಿಲು ತಳ್ಳಿದ. ತೆರೆಯಲಿಲ್ಲ. ಓಡಿಹೋಗಲು ದಾರಿಯಿಲ್ಲದೆ ಮತ್ತೆ ಸ್ಟೂಲು ಹತ್ತಿ, ತೂಗುಬಿದ್ದ ಶರ್ಟುಗಳ ಮರೆಯಲ್ಲಿ ಅರ್ಧ ಮುಖ ಮಾತ್ರ ಕಾಣುವಂತೆ, ಕೈ ಮೇಲೆತ್ತಿಕೊಂಡು ಗೊಂಬೆಯಂತೆ ನಿಂತುಬಿಟ್ಟ.

"ಎಲ್ಲಾ ಜನಾನೂ ಕಾಣ್ಬೇಕು ಅಂದಿದ್ದೆ," ಯಜಮಾನರು ಗಾಜಿಗೆ ಮೂಗು ತಾಗಿಸಿದರು. "ಇಲ್ಲಿ ಒಬ್ಬನೇ ನಿಂತಿದಾನಲ್ಲ!"

ಮೇಷ್ಟ್ರಿಗೆ ಆಗ ಹೊಳೆಯಿತು. "ಆಹಾ, ಕಿಲಾಡಿ! ನಮ್ಮನ್ನೆಲ್ಲಾ ಗೋಡೌನಿಗೆ ಹಾಕಿ ಅವರ ಪೈಕಿಯವನನ್ನ ನಿಲ್ಸಿದಾನೆ!"

"ಅವರು ಅಂದ್ರೆ ಯಾರು? ನಮ್ಮ ಕಡೆ ಇಂಥ ಮೂಗೇ ಇಲ್ಲ," ಎಂದರು ಔಷಧಿ ಅಂಗಡಿಯ ಅಮ್ಮ.

"ನಮ್ಮವನಂತೂ ಅಲ್ಲ, ಬಣ್ಣ ನೋಡಿ," ಎಂದ ಬೀಗದವನು.

"ನಮ್ಮವನೂ ಅಲ್ಲಪ್ಪ, ದೇವರಾಣೆಗೂ ಅಲ್ಲ," ಎಂದ ಬೇಕರಿಯವನು.

ಗಾಜಿನೊಳಗೆ ಗುಂಡುಸೂಜಿಗೆ ಎಲ್ಲವೂ ಕೇಳಿಸಿತು. ಅವನ ಅಪ್ಪನ ಅಪ್ಪ ಹಡಗಿನವರು, ಅಪ್ಪನ ಅಮ್ಮ ಗುಡ್ಡದವರು. ಅಮ್ಮನ ಅಪ್ಪ ಮೊದಲಿನಿಂದ ಇದ್ದವರು, ಅಮ್ಮನ ಅಮ್ಮ ಗಡಿ ದಾಟಿ ಬಂದವರು. ನಾಲ್ಕೂ ಕಡೆಯವರಿಗೆ ತಾನು ಮೊಮ್ಮಗ ಎಂದು ಕೂಗಿ ಹೇಳಬೇಕೆನಿಸಿತು. ಬಾಯಿ ತುಂಬ ಸೂಜಿ. ನಿಜವಾಗಿಯೂ ಅಳು ಬಂತು.

ಯಜಮಾನರಿಗೆ ಮಾತ್ರ ಅವನ ಗುರುತು ಹತ್ತಿತ್ತು. ಅವರು ಗಲ್ಲ ಕೆರೆದುಕೊಂಡು ಯೋಚಿಸುತ್ತಿದ್ದರು. "ಒಂದು ನಿಮಿಷ. ಇವನನ್ನ ಇಲ್ಲಿ ನಿಲ್ಸಿದ್ರೆ ನಿಮಗ್ಯಾರಿಗಾದ್ರೂ ಬೇಜಾರಿದೆಯಾ?"

"ನಮ್ಮವನೇ ಅಲ್ಲ ಅಂದ್ಮೇಲೆ ನಮಗ್ಯಾಕೆ ಬೇಜಾರು?" ನಾಲ್ಕೂ ಕಡೆಯವರು ಒಕ್ಕೊರಲಿನಿಂದ ಹೇಳಿದರು. ಅಷ್ಟೇ ಅಲ್ಲ, ಹೀಗೆ ಒಮ್ಮತಕ್ಕೆ ಬಂದ ಖುಷಿಗೆ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಕ್ಕರು. ಬೇಕರಿಯವನು ಎಲ್ಲರಿಗೂ ಬಿಸ್ಕತ್ತು ಹಂಚಿದ.

"ಭೇಷ್!" ಯಜಮಾನರು ಚಪ್ಪಾಳೆ ತಟ್ಟಿದರು. "ಇವತ್ತಿಂದ ನೀನು ಖಾಯಂ ಕಣೋ!"

ಖಾಯಂ! ಹನ್ನೊಂದು ವರ್ಷ! ಗುಂಡುಸೂಜಿ ಸೂಜಿಗಳನ್ನು ಉಗಿದು, ಮೇಲೆತ್ತಿದ್ದ ಕೈಯನ್ನು ಇಳಿಸಿ ಹೆಂಡತಿಗೆ ಫೋನು ಮಾಡಲು ಜೇಬಿಗೆ ಹಾಕಿದ.

ಯಜಮಾನರು ಗಾಜನ್ನು ಪಟಪಟ ಬಡಿದರು. "ಏಯ್, ಏಯ್! ಎತ್ತು ಕೈ! ಗೊಂಬೆ ಎಲ್ಲಾದ್ರೂ ಅಲುಗಾಡುತ್ತೇನೋ? ನಾಳೆಯಿಂದ ಬೆಳಿಗ್ಗೆ ಒಂಬತ್ತಕ್ಕೆ ಬಂದು ಹೀಗೇ ನಿಂತ್ಕೋಬೇಕು."

ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಹೆಂಡತಿಯದೇ ಇರಬೇಕು. ಗುಂಡುಸೂಜಿ ಕೈಯೆತ್ತಿ, ಅಲುಗಾಡದೆ ನಿಂತ.